ಉಂಡ ಮನೆಗೆ ಎರಡು ಬಗೆಯದೆ: ಹಳ್ಳಿಯ ಸೇವೆಯಲ್ಲಿ ಧರ್ಮಸಂಕಟ ಎದುರಾದಾಗ ಏನು ಮಾಡಬೇಕು

ಬೆಳಿಗ್ಗೆ ಜೋಳದ ರೊಟ್ಟಿ, ಪುಂಡಿಪಲ್ಯ ಬಡಿಸಿದ ತಾಯಿಯೇ ಸಂಜೆ ಮಗಳ ಲಗ್ನಪತ್ರಿಕೆ ಕೈಗಿಟ್ಟು "ನೀವೂ ಬರಬೇಕ್ರಿ" ಅನ್ನುತ್ತಾಳೆ. ಹುಡುಗಿ ಓದುತ್ತಿರುವುದು ಒಂಬತ್ತನೇ ತರಗತಿ. ಪತ್ರಿಕೆ ಹಿಡಿದುಕೊಂಡವರ ಕೈ ಅಲ್ಲೇ ನಿಲ್ಲುತ್ತದೆ.

ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಹಳ್ಳಿಗಳಿಗೆ ಏಳು ದಿನದ ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ಎನ್‌ಎಸ್‌ಎಸ್ ಶಿಬಿರಕ್ಕೆ ಬಂದವರು, ಸಮಾಜಕಾರ್ಯದ ಕ್ಷೇತ್ರಕಾರ್ಯಕ್ಕೆ ಬಂದವರು, ರಾಯಚೂರು ಕೃಷಿ ವಿಶ್ವವಿದ್ಯಾಲಯದಿಂದ ಗ್ರಾಮೀಣ ಕಾರ್ಯಾನುಭವಕ್ಕೆಂದು ತಿಂಗಳುಗಟ್ಟಲೆ ಊರಲ್ಲೇ ಉಳಿಯುವವರು, ಗ್ರಾಮೀಣ ಸೇವೆಯ ವೈದ್ಯರು, ಎಲ್ಲರಿಗೂ ಇಂಥದೊಂದು ಗಳಿಗೆ ಬಂದೇ ಬರುತ್ತದೆ. ಆಗ ಮನಸ್ಸಿನಲ್ಲಿ ಎರಡು ಮಾತು ಜಗಳಕ್ಕೆ ಬೀಳುತ್ತವೆ. ಉಂಡ ಮನೆಗೆ ಎರಡು ಬಗೆಯಬಾರದು ಎನ್ನುವುದು ಒಂದು. ಸುಮ್ಮನಿದ್ದರೆ ನಾನೂ ಪಾಲುದಾರ ಎನ್ನುವುದು ಇನ್ನೊಂದು. ಎರಡೂ ಸುಳ್ಳಲ್ಲ. ಆದರೆ ನಾಳೆ ಬೆಳಿಗ್ಗೆ ಏನು ಮಾಡಬೇಕು ಎಂಬುದನ್ನು ಎರಡೂ ಹೇಳಿಕೊಡುವುದಿಲ್ಲ. ಅದಕ್ಕೆ ಬೇರೆ ಎರಡು ಪ್ರಶ್ನೆ ಕೇಳಿಕೊಳ್ಳಬೇಕು: ಈ ತೀರ್ಮಾನ ಯಾರದು? ನಾನು ಬ್ಯಾಗು ಹಾಕಿಕೊಂಡು ಬಸ್ಸು ಹತ್ತಿದ ಮೇಲೆ ಇದರ ದಂಡ ತೆರುವವರು ಯಾರು?

ಮೊದಲು ಗಂಟು ಬಿಡಿಸಿಕೊಳ್ಳಿ

ಎದುರಾದ ಸಂಗತಿ ಮೂರು ಗುಂಪಿನಲ್ಲಿ ಯಾವುದಕ್ಕೆ ಸೇರುತ್ತದೆ ನೋಡಿ. ಹದಿನೆಂಟು ತುಂಬದವರ ಮೈಮೇಲಿನ ದೌರ್ಜನ್ಯ, ಬಾಲ್ಯವಿವಾಹ, ಮಗುವಿನ ದುಡಿಮೆ, ಯಾರದೇ ಜೀವಕ್ಕೆ ಬಂದ ಅಪಾಯ, ಇವು ಮೊದಲ ಗುಂಪು. ಇಲ್ಲಿ ಹೇಳಬೇಕೋ ಬೇಡವೋ ಎಂಬ ಪ್ರಶ್ನೆಯೇ ಇಲ್ಲ. ಹೇಗೆ, ಯಾರಿಗೆ, ಯಾವಾಗ ಎಂಬುದಷ್ಟೇ ನಿಮ್ಮ ಪಾಲಿನ ಕೆಲಸ. ದೊಡ್ಡವರ ಬದುಕಿನ ಸಂಗತಿಗಳು ಎರಡನೆಯ ಗುಂಪು: ಗಂಡನ ಕುಡಿತ, ಸಂಘದ ಸಾಲ, ಗುಳೆ ಹೋಗುವ ನಿರ್ಧಾರ, ಜಾತಿಯ ಹೆಸರಲ್ಲಿ ಆದ ಅವಮಾನ. ಇಲ್ಲಿ ನೀವು ದಾರಿ ತೋರಿಸಬಹುದು, ಜೊತೆಗೆ ನಡೆಯಬಹುದು, ಹೆಜ್ಜೆ ಇಡಬೇಕಾದವರು ಅವರು. ಮೂರನೆಯದು ನಿಮ್ಮದೇ ನಡತೆ. ಎಲ್ಲಿ ಉಣ್ಣುವುದು, ಯಾವ ಕಾಗದಕ್ಕೆ ಸಹಿ ಹಾಕುವುದು, ಯಾರ ಫೋಟೊ ತೆಗೆಯುವುದು. ಅದನ್ನು ಊರಿಗೆ ಹೋಗುವ ಮೊದಲೇ ತೀರ್ಮಾನಿಸಿಕೊಂಡಿರಬೇಕು, ಅಲ್ಲಿ ಹೋಗಿ ಅಲ್ಲ.

ಎಡವುವುದು ಎಲ್ಲಿ ಅಂದರೆ ಒಂದು ಗುಂಪಿನದನ್ನು ಇನ್ನೊಂದಕ್ಕೆ ಹಾಕಿದಾಗ. "ಹುಡುಗೀನೇ ಯಾರಿಗೂ ಹೇಳಬ್ಯಾಡ್ರಿ ಅಂದ್ಳು" ಎಂದು ಹದಿನಾಲ್ಕರ ಮಗುವಿನ ಮದುವೆಗೆ ಬಾಯಿ ಮುಚ್ಚಿಕೊಂಡವರಿದ್ದಾರೆ. ಮೂವತ್ತೈದರ ಹೆಣ್ಣುಮಗಳು ಬೇಡವೆಂದು ಕೈಮುಗಿದರೂ ಅವಳ ಗಂಡನ ಮೇಲೆ ಠಾಣೆಗೆ ಹೋದವರೂ ಇದ್ದಾರೆ. ಎರಡೂ ಕಡೆ ಉದ್ದೇಶ ಒಳ್ಳೆಯದೇ. ಪೆಟ್ಟು ತಿಂದವರು ಮಾತ್ರ ಬೇರೆಯವರು.

ಗುಂಪು ಗೊತ್ತಾದ ಮೇಲೆ ನೋಟ್‌ಬುಕ್ಕಿನ ಒಂದು ಹಾಳೆಯನ್ನು ಉದ್ದಕ್ಕೆ ಮೂರು ಭಾಗ ಮಾಡಿ: ಕಂಡದ್ದು, ಕೇಳಿದ್ದು, ಊಹಿಸಿದ್ದು. ಉದಾಹರಣೆಗೆ, ಲಗ್ನಪತ್ರಿಕೆ ಕಂಡದ್ದು. ವರನಿಗೆ ಮೂವತ್ತು ಎಂಬುದು ಪಕ್ಕದ ಮನೆಯಾಕೆಯಿಂದ ಕೇಳಿದ್ದು. ಹುಡುಗಿಗೆ ಇಷ್ಟವಿಲ್ಲ ಎಂಬುದು ಅವಳ ಮುಖ ನೋಡಿ ಊಹಿಸಿದ್ದು. ಮೂರನೆಯ ಕಾಲಂ ಅರ್ಧ ಹಾಳೆ ತುಂಬಿ ಮೊದಲನೆಯದು ಖಾಲಿ ಇದ್ದರೆ ನಿಮ್ಮ ಬಳಿ ಇರುವುದು ಊರ ಸುದ್ದಿ ಅಷ್ಟೇ. ಆದರೂ ಮಕ್ಕಳ ವಿಷಯದಲ್ಲಿ ಬಲವಾದ ಅನುಮಾನವೇ ಸಾಕು. ಸಾಕ್ಷಿ ಕೂಡಿಹಾಕುವುದು ಪೊಲೀಸರ ಕೆಲಸ, ನಿಮ್ಮದಲ್ಲ. ಹೆಸರುಗಳನ್ನು ಪೂರ್ತಿ ಬರೆಯಬೇಡಿ. ಶಾಲೆಯ ಕೋಣೆಯಲ್ಲಿ ಐವತ್ತು ಜನ ಒಟ್ಟಿಗೆ ಮಲಗುವ ಶಿಬಿರದಲ್ಲಿ ಯಾರ ನೋಟ್‌ಬುಕ್ ಯಾರ ಕೈಗೆ ಸಿಗುತ್ತದೋ ಹೇಳಲಾಗದು. ಶಿಬಿರದ ವಾಟ್ಸಾಪ್ ಗುಂಪಿನಲ್ಲಂತೂ ಇಂಥ ಒಂದು ಅಕ್ಷರವೂ ಬೀಳಕೂಡದು.

ಆಮೇಲೆ ಇಬ್ಬರ ಜೊತೆ ಮಾತಾಡಿ, ಮೂರನೆಯವರ ಜೊತೆ ಬೇಡ. ಒಬ್ಬರು ನಿಮ್ಮ ಕಾರ್ಯಕ್ರಮಾಧಿಕಾರಿ ಅಥವಾ ಮಾರ್ಗದರ್ಶಕರು. ಇನ್ನೊಬ್ಬರು ಊರು ಬಲ್ಲವರು, ಆದರೆ ಆ ಮನೆಯ ಬೀಗರೂ ಅಣ್ಣತಮ್ಮಂದಿರೂ ಅಲ್ಲದವರು. ಇದನ್ನು ಕೇಳಿ ಖಾತ್ರಿ ಮಾಡಿಕೊಳ್ಳಿ. ನಮ್ಮ ಕಡೆಯ ಊರುಗಳಲ್ಲಿ ಪಂಚಾಯಿತಿ ಸದಸ್ಯ ಸೋದರಮಾವನೂ, ಅಡುಗೆಯಾಕೆ ಚಿಕ್ಕಮ್ಮನೂ ಆಗಿರುವುದು ದೊಡ್ಡ ಮಾತಲ್ಲ.

ಬಾಲ್ಯವಿವಾಹ: ಗಂಟೆಗಳ ಲೆಕ್ಕ

ಕಾನೂನು ಮೊದಲು. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಂತೆ ಹುಡುಗಿಗೆ 18, ಹುಡುಗನಿಗೆ 21 ತುಂಬಿರಬೇಕು. ಮದುವೆ ಮಾಡಿಸಿದವರಿಗೆ ಎರಡು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷದವರೆಗೆ ದಂಡ. ಅಪರಾಧ ಜಾಮೀನುರಹಿತ. ಕರ್ನಾಟಕ ತಂದ ತಿದ್ದುಪಡಿಯಿಂದ ಇಂಥ ಮದುವೆ ನಮ್ಮ ರಾಜ್ಯದಲ್ಲಿ ಮೊದಲಿಂದಲೇ ಅಸಿಂಧು. ಶಿಬಿರದವರು ಗಮನಿಸದ ಒಂದು ಅಂಶವಿದೆ: ಮದುವೆಯಲ್ಲಿ ಭಾಗವಹಿಸುವುದೂ ಅದೇ ಕಾಯ್ದೆಯ 11ನೇ ಸೆಕ್ಷನ್ನಿನಲ್ಲಿ ಬರುತ್ತದೆ. ಪತ್ರಿಕೆ ಕೊಟ್ಟರೆಂದು ಹೋಗಿ ಅಕ್ಷತೆ ಹಾಕಿ ಉಂಡು ಬಂದವರು ಬರೀ ನೋಡುಗರಲ್ಲ.

ಮೊದಲ ಕೆಲಸ ವಯಸ್ಸು ತಿಳಿಯುವುದು. ಆಧಾರ್ ಕಾರ್ಡು ನೋಡಿ ನಂಬಬೇಡಿ. ಅದರಲ್ಲಿ ಬಾಯಿಮಾತಿನ ವಯಸ್ಸು ಇರುವುದುಂಟು, ಮದುವೆಗೆಂದೇ ತಿದ್ದಿಸಿದ್ದೂ ಉಂಟು. ಬಾಲನ್ಯಾಯ ಕಾಯ್ದೆಯ 94ನೇ ಸೆಕ್ಷನ್ ಹೇಳುವ ಕ್ರಮ ಇದು: ಮೊದಲು ಶಾಲೆಯ ದಾಖಲೆ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಅದಿಲ್ಲದಿದ್ದರೆ ಪಂಚಾಯಿತಿಯ ಜನನ ಪತ್ರ, ಅದೂ ಇಲ್ಲದಿದ್ದರೆ ಮಾತ್ರ ವೈದ್ಯಕೀಯ ಪರೀಕ್ಷೆ. ಶಾಲೆಯ ರಿಜಿಸ್ಟರಿನಲ್ಲಿ ಅನೇಕ ಮಕ್ಕಳ ಹುಟ್ಟು ಜೂನ್ 1 ಎಂದೇ ಇರುತ್ತದೆ. ದಿನ ಸುಳ್ಳಿರಬಹುದು, ಕಾನೂನಿಗೆ ದಾಖಲೆ ಅದೇ. ಮುಖ್ಯ ಶಿಕ್ಷಕರನ್ನು ಕೇಳುವಾಗ ಒಬ್ಬಳ ಹೆಸರು ಹೇಳಬೇಡಿ, ಇಡೀ ತರಗತಿಯ ಹಾಜರಿಪಟ್ಟಿ ನೋಡಿ. ವಾರದಿಂದ ಬಾರದವರು ಯಾರು ಎಂದು ಕೇಳಿದರೆ ಸಾಕು, ಉತ್ತರ ತಾನಾಗಿ ಬರುತ್ತದೆ.

ಮದುವೆಗೆ ಎರಡು ದಿನಕ್ಕಿಂತ ಹೆಚ್ಚು ಸಮಯ ಇದ್ದರೆ 1098ಕ್ಕೆ ಕರೆ ಮಾಡಿ. ಮಕ್ಕಳ ಸಹಾಯವಾಣಿ, ಹಗಲೂ ರಾತ್ರಿಯೂ ಇರುತ್ತದೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಎಲ್ಲರೂ ಸಿಡಿಪಿಒ ಎನ್ನುವವರು, ಬಾಲ್ಯವಿವಾಹ ನಿಷೇಧಾಧಿಕಾರಿಯೂ ಹೌದು, ಅವರಿಗೂ ತಿಳಿಸಿ. ಗಂಟೆಗಳಷ್ಟೇ ಉಳಿದಿದ್ದರೆ ಮೊದಲು ಪೊಲೀಸರ ತುರ್ತು ಸಂಖ್ಯೆ 112. ತಾಲ್ಲೂಕು ಕೇಂದ್ರದಿಂದ ಜೀಪು ಬರಲು ಗಂಟೆಯ ಮೇಲೆ ಹಿಡಿಯುವ ಊರುಗಳಿವೆ, ಆ ಹೊತ್ತಿನಲ್ಲಿ ತಾಳಿ ಬಿದ್ದಿರುತ್ತದೆ. ಕರೆ ಮಾಡುವ ಮುನ್ನ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ: ಹುಡುಗಿಯ ಹೆಸರು, ತಂದೆಯ ಹೆಸರು, ಊರು, ತಾಲ್ಲೂಕು, ಮನೆಯ ಗುರುತು, ಓದುವ ಶಾಲೆ ಮತ್ತು ತರಗತಿ, ಮುಹೂರ್ತದ ದಿನ ಮತ್ತು ವೇಳೆ, ಮದುವೆ ನಡೆಯುವ ಜಾಗ. ಮನೆಯ ಗುರುತು ಅಂದರೆ "ಹನುಮಪ್ಪನ ಗುಡಿ ಹಿಂದ, ನೀರಿನ ಟ್ಯಾಂಕ್ ಪಕ್ಕದ್ದು" ಎನ್ನುವ ಹಾಗೆ. ಊರಲ್ಲಿ ಅದೇ ಹೆಸರಿನವರು ನಾಲ್ಕು ಜನ ಇದ್ದಾರು. ಪತ್ರಿಕೆಯಲ್ಲಿ ಅಕ್ಕನ ಹೆಸರಷ್ಟೇ ಇದ್ದು, ಒಂದೇ ಖರ್ಚಿನಲ್ಲಿ ತಂಗಿಯದೂ ಮುಗಿಸುವುದಿದ್ದರೆ ಅದನ್ನು ಬಿಡಿಸಿ ಹೇಳಿ. ಇಲ್ಲದಿದ್ದರೆ ಬಂದ ಅಧಿಕಾರಿ ಅಕ್ಕನ ಅಂಕಪಟ್ಟಿ ನೋಡಿ ವಾಪಸು ಹೋಗುತ್ತಾರೆ. ಕರೆಯ ಸಮಯ, ಮಾತಾಡಿದವರ ಹೆಸರು, ಕೊಟ್ಟ ನೋಂದಣಿ ಸಂಖ್ಯೆ ಬರೆದುಕೊಳ್ಳಿ.

ಹೇಳಿದವರ ಹೆಸರನ್ನು ಸಹಾಯವಾಣಿ ಗುಟ್ಟಾಗಿಡುತ್ತದೆ. ಊರು ಇಡುವುದಿಲ್ಲ. ನೀವು ಆ ಮನೆಗೆ ಹೋಗಿ ಬಂದ ಮರುದಿನವೇ ಜೀಪು ಬಂದರೆ ಅಗಸಿಕಟ್ಟೆಯ ಮೇಲೆ ಕೂತವರಿಗೆ ಲೆಕ್ಕ ಹಾಕಲು ಅರ್ಧ ಬೀಡಿ ಸಾಕು. ಅದಕ್ಕಿಂತ ಕಷ್ಟ, ಅನುಮಾನ ನಿಮ್ಮ ಮೇಲೆ ಬೀಳದೆ ಆಶಾ ಕಾರ್ಯಕರ್ತೆಯ ಮೇಲೋ ಅಂಗನವಾಡಿ ಟೀಚರ್ ಮೇಲೋ ಬಿದ್ದರೆ. ಅವರು ಅಲ್ಲೇ ಬಾಳಬೇಕಾದವರು. ಆದ್ದರಿಂದ ಅಧಿಕಾರಿಗಳ ಜೊತೆ ಜೀಪಿನಲ್ಲಿ ಹೋಗಬೇಡಿ, ಮನೆ ತೋರಿಸಲು ಮುಂದೆ ನಿಲ್ಲಬೇಡಿ, ಸುದ್ದಿಯ ಮೂಲ ಕೇಳಿದರೆ ಶಾಲೆಯ ಹಾಜರಿಪಟ್ಟಿ ಎನ್ನಿ. ಅದು ಸುಳ್ಳೂ ಅಲ್ಲ.

ತಂದೆತಾಯಿಗೆ ಮೊದಲು ತಿಳಿಹೇಳಬೇಕಲ್ಲವೇ ಎಂಬ ಪ್ರಶ್ನೆ ಸಹಜ. ಮದುವೆ ಇನ್ನೂ ಮಾತುಕತೆಯಲ್ಲಿದ್ದರೆ ಹೌದು, ಖಂಡಿತ. ದಿನ ನಿಶ್ಚಯವಾಗಿದ್ದರೆ ಬೇಡ. ನೀವು ತಿಳಿಹೇಳಿದ ರಾತ್ರಿಯೇ ಮುಹೂರ್ತ ಗೊತ್ತಾದ ದಿನಕ್ಕಿಂತ ಮೊದಲೇ ಬಂದು, ಮದುವೆ ಬೇರೆ ಊರಿನ ಗುಡಿಗೆ ಹೋಗುತ್ತದೆ. ರಾಯಚೂರು, ಬಳ್ಳಾರಿಯ ಅಂಚಿನ ಊರಾದರೆ ಗಡಿಯಾಚೆ ಆಂಧ್ರಕ್ಕೋ ತೆಲಂಗಾಣಕ್ಕೋ ಹೋಗುತ್ತದೆ. ಆಮೇಲೆ ಯಾವ ಠಾಣೆಗೆ ಸೇರಿದ್ದು ಎಂಬುದೇ ಎರಡು ದಿನದ ಮಾತಾಗುತ್ತದೆ. ಮಾತುಕತೆಯ ಹಂತದಲ್ಲಿ ಹೇಳುವಾಗ ಕಾನೂನಿನ ಬೆದರಿಕೆಗಿಂತ ಅವರ ಕಾರಣಕ್ಕೆ ಉತ್ತರ ಕೊಡಿ. ಬಹಳ ಕಡೆ ಕಾರಣ ಗುಳೆ. ದಂಪತಿ ಬೆಂಗಳೂರಿಗೋ ಗೋವಾಕ್ಕೋ ಕೆಲಸಕ್ಕೆ ಹೊರಟರೆ ಮೈನೆರೆದ ಮಗಳನ್ನು ಯಾರ ಹತ್ತಿರ ಬಿಡುವುದು? ಇದಕ್ಕೆ ಉತ್ತರ ಹಾಸ್ಟೆಲ್ಲು. ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯ, ಸಮಾಜ ಕಲ್ಯಾಣ ಅಥವಾ ಹಿಂದುಳಿದ ವರ್ಗಗಳ ಇಲಾಖೆಯ ವಿದ್ಯಾರ್ಥಿನಿಲಯ, ಎಲ್ಲಿ ಸೀಟು ಇದೆ ಎಂದು ಮುಖ್ಯ ಶಿಕ್ಷಕರ ಮೂಲಕ ಕೇಳಿಕೊಂಡು ಹೋಗಿ. ಬರಿಗೈಯಲ್ಲಿ ಹೋದರೆ "ಹಂಗಾದ್ರ ನೀವ ಕಾಯ್ತೀರೇನ್ರಿ ನಮ್ಮ ಹುಡುಗೀನ?" ಎನ್ನುತ್ತಾರೆ. ಆ ಪ್ರಶ್ನೆಗೆ ನಿಮ್ಮಲ್ಲಿ ಉತ್ತರ ಇರುವುದಿಲ್ಲ.

ಮದುವೆ ನಿಂತಿತು ಎಂದು ಚಪ್ಪಾಳೆ ತಟ್ಟುವ ಹೊತ್ತಿಗೇ ಮುಂದಿನ ಅಪಾಯ ಶುರುವಾಗಿರುತ್ತದೆ. ಅಧಿಕಾರಿಗಳು ಮುಚ್ಚಳಿಕೆ ಬರೆಸಿಕೊಂಡು ಹೋಗುತ್ತಾರೆ, ಹದಿನೈದು ದಿನ ಬಿಟ್ಟು ಮನೆಯವರು ರಾತ್ರಿ ಮದುವೆ ಮುಗಿಸುತ್ತಾರೆ. ಹೀಗಾಗದಂತೆ ಕೇಳಬೇಕಾದ್ದು ಎರಡು. ಕಾಯ್ದೆಯ 13ನೇ ಸೆಕ್ಷನ್ನಿನಡಿ ಮ್ಯಾಜಿಸ್ಟ್ರೇಟರಿಂದ ತಡೆಯಾಜ್ಞೆ ತರಲು ಸಿಡಿಪಿಒ ಅವರಿಗೆ ಬರೆದು ಕೊಡುವುದು. ಹುಡುಗಿಯನ್ನು ಮಕ್ಕಳ ಕಲ್ಯಾಣ ಸಮಿತಿಯ ಗಮನಕ್ಕೆ ತರುವುದು. ಶಾಲೆಗೆ ವಾಪಸು ಬಂದಳೇ ಎಂದು ನೋಡಲು 15, 30 ಮತ್ತು 90ನೇ ದಿನಕ್ಕೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಮುಖ್ಯ ಶಿಕ್ಷಕರಿಗೆ ಒಂದು ಫೋನು. ಮೂರು ನಿಮಿಷದ ಕೆಲಸ, ಮಾಡುವವರು ಮಾತ್ರ ಕಡಿಮೆ.

ಗುಟ್ಟು ಹೇಳಲು ಬಂದ ಮಗು

"ಅಕ್ಕಾ, ಒಂದು ಮಾತು ಹೇಳ್ತೀನಿ, ಯಾರ ಮುಂದೂ ಹೇಳಬ್ಯಾಡ" ಎಂದು ಮಗು ಬಂದರೆ ಹೂಂ ಅನ್ನಬೇಡಿ. ಒಮ್ಮೆ ಮಾತು ಕೊಟ್ಟರೆ ಉಳಿಸಿಕೊಳ್ಳಲಾಗದು, ಮುರಿದರೆ ಆ ಮಗು ಮುಂದೆ ಯಾರನ್ನೂ ನಂಬದು. ಕೇಳುವ ಮುನ್ನವೇ ಹೀಗೆ ಹೇಳಿ: "ನೀ ಹೇಳೂದನ್ನ ಪೂರ್ತಿ ಕೇಳ್ತೀನವ್ವ. ಆದ್ರ ನಿನಗ ತ್ರಾಸ ಆಗೂವಂಥ ಮಾತಿದ್ರ ನಾ ಒಬ್ಬಾಕಿನ ಇಟ್ಕೊಳ್ಳಾಕ ಆಗಂಗಿಲ್ಲ. ಯಾರಿಗೆ ಹೇಳ್ತೀನಿ ಅಂತ ಮೊದ್ಲು ನಿನಗ ಹೇಳೇ ಹೇಳ್ತೀನಿ." ಇಷ್ಟು ಕೇಳಿ ಮಗು ಎದ್ದು ಹೋದರೆ ಹಿಂಬಾಲಿಸಬೇಡಿ, ಬಹಳ ಸಲ ಮರುದಿನ ತಾನೇ ಬರುತ್ತದೆ. ಬಾರದಿದ್ದರೂ ಅನುಮಾನ ಬಲವಾಗಿದ್ದರೆ 1098 ನಿಮ್ಮ ಕೈಯಲ್ಲೇ ಇದೆ.

ಲೈಂಗಿಕ ದೌರ್ಜನ್ಯದ ಮಾತು ಬಂದರೆ 2012ರ ಪೋಕ್ಸೊ ಕಾಯ್ದೆ ನಿಮಗೆ ಆಯ್ಕೆ ಬಿಟ್ಟಿಲ್ಲ. 19ನೇ ಸೆಕ್ಷನ್ನಿನಂತೆ ತಿಳಿದವರು ಯಾರೇ ಆಗಲಿ ಪೊಲೀಸರಿಗೆ ತಿಳಿಸಬೇಕು. ತಿಳಿಸದಿದ್ದರೆ 21ನೇ ಸೆಕ್ಷನ್ನಿನಲ್ಲಿ ಆರು ತಿಂಗಳವರೆಗೆ ಸಜೆ, ಅಥವಾ ದಂಡ, ಇಲ್ಲವೇ ಎರಡೂ. ಒಳ್ಳೆಯ ಮನಸ್ಸಿನಿಂದ ತಿಳಿಸಿದವರಿಗೆ ಅದೇ ಕಾಯ್ದೆ ರಕ್ಷಣೆ ಕೊಡುತ್ತದೆ. "ಕಾಲೇಜಿನ ಹೆಸರು ಕೆಡುತ್ತದೆ, ಶಿಬಿರ ಮುಗಿಯಲಿ ನೋಡೋಣ" ಎಂದು ಮೇಲಿನವರು ಅಂದರೂ ಹೊಣೆ ನಿಮ್ಮಿಂದ ಇಳಿಯುವುದಿಲ್ಲ.

ಮಗುವಿನಿಂದ ಕೇಳುವುದು ಕಡಿಮೆ ಇರಲಿ. ಏನಾಯಿತು, ಯಾವಾಗ, ಯಾರು, ಈಗ ಮನೆಗೆ ಹೋಗಲು ಹೆದರಿಕೆ ಇದೆಯೇ, ಇಷ್ಟು ಸಾಕು. ಒಂದನ್ನೇ ತಿರುಗಿ ತಿರುಗಿ ಕೇಳಿದರೆ ಮಗು ಉತ್ತರ ಬದಲಿಸುತ್ತದೆ, ನಾಳೆ ನ್ಯಾಯಾಲಯದಲ್ಲಿ ಅದೇ ಅದರ ವಿರುದ್ಧ ನಿಲ್ಲುತ್ತದೆ. ಮಗುವಿನ ಮಾತನ್ನು ಅದು ಆಡಿದ ಹಾಗೆಯೇ ಬರೆದಿಡಿ. ಮೊಬೈಲಿನಲ್ಲಿ ವಿಡಿಯೊ ಮಾಡಬೇಡಿ.

ಹತ್ತಿ ಹೊಲದ ಮಾಲೀಕ ನಿಮ್ಮ ಮನೆ ಮಾಲೀಕನಾಗಿದ್ದರೆ

ಕೃಷಿ ವಿದ್ಯಾರ್ಥಿಗಳಿಗೆ ಬರುವ ಸಂಕಟ ಇದು. ಬಾಡಿಗೆ ಇಲ್ಲದೆ ಕೋಣೆ ಕೊಟ್ಟ ರೈತರ ಬೀಜದ ಹತ್ತಿ ಪ್ಲಾಟಿನಲ್ಲಿ ಮಕ್ಕಳು ಕ್ರಾಸಿಂಗ್ (ಕೈಯಿಂದ ಪರಾಗಸ್ಪರ್ಶ) ಮಾಡುತ್ತಿರುತ್ತಾರೆ. ಮಕ್ಕಳೇ ಯಾಕೆ ಎಂಬುದಕ್ಕೆ ಕೆಲಸದ ಸ್ವರೂಪವೇ ಕಾರಣ. ಮಧ್ಯಾಹ್ನದ ಮೇಲೆ ಮರುದಿನ ಅರಳಲಿರುವ ಮೊಗ್ಗುಗಳ ಗಂಡುಭಾಗವನ್ನು ಒಂದೊಂದಾಗಿ ಬಿಡಿಸಬೇಕು. ಮರುದಿನ ಬೆಳಿಗ್ಗೆಯಿಂದ ಬಿಸಿಲೇರುವವರೆಗೆ ಅದೇ ಹೂವಿಗೆ ಗಂಡುಹೂವಿನ ಪರಾಗ ಸವರಬೇಕು. ದಿನವೂ, ವಾರಗಟ್ಟಲೆ, ಕೈತಪ್ಪದೆ. ಗಿಡದ ಎತ್ತರ ಮಕ್ಕಳ ಎದೆಮಟ್ಟ, ಕೂಲಿ ಕಡಿಮೆ. ಬೆಳಗಿನ ಪಾಳಿಯೂ ಸಂಜೆಯ ಪಾಳಿಯೂ ಶಾಲೆಯ ವೇಳೆಯನ್ನೇ ತಿನ್ನುತ್ತವೆ. ಮೇಲಿಂದ ಔಷಧಿ ಹೊಡೆದ ಗಿಡ.

ಇಲ್ಲಿ ಮೂರು ಸಂಗತಿ ಬೇರೆ ಬೇರೆ ನೋಡಬೇಕು. ಸ್ವಂತ ಹೊಲದಲ್ಲಿ ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ಅಪಾಯವಿಲ್ಲದ ಕೆಲಸಕ್ಕೆ ಅಪ್ಪ ಅವ್ವನಿಗೆ ಕೈಜೋಡಿಸುವ ಮಗುವಿಗೆ 1986ರ ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಅದನ್ನು ದೂರು ಮಾಡಲು ಹೋಗಬೇಡಿ. ಬೇರೆಯವರ ಹೊಲದಲ್ಲಿ 14 ತುಂಬದ ಮಗು ಕೂಲಿ ಮಾಡಿದರೆ ಅಪರಾಧ: ಮಾಲೀಕನಿಗೆ ಆರು ತಿಂಗಳಿಂದ ಎರಡು ವರ್ಷದವರೆಗೆ ಸಜೆ, ಅಥವಾ 20,000ದಿಂದ 50,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮನೆಯವರು ಮುಂಗಡ ಎತ್ತಿ, ಅದು ತೀರುವವರೆಗೆ ಮಗು ದುಡಿಯಬೇಕಾಗಿದ್ದರೆ ಅದು 1976ರ ಜೀತಪದ್ಧತಿ ರದ್ದತಿ ಕಾಯ್ದೆಗೂ ಬರುತ್ತದೆ. ಈ ಮೂರನೆಯದನ್ನು ಕೇಳದೆ ಬಿಟ್ಟರೆ ದಾಳಿ ನಡೆದ ಮೇಲೆ ಮುಂಗಡದ ಸಾಲ ಮನೆಯವರ ತಲೆಯ ಮೇಲೇ ಉಳಿಯುತ್ತದೆ. ಮಗು ಈ ಹೊಲ ಬಿಟ್ಟು ಮುಂದಿನ ಊರಿನ ಹೊಲಕ್ಕೆ ಹೋಗುತ್ತದೆ. ಹೀಗಾಗಿ ದೂರಿನಲ್ಲಿ ಮುಂಗಡದ ಮೊತ್ತ ತಿಳಿದಿದ್ದರೆ ಬರೆಯಲೇಬೇಕು. ಜೀತವಿಮುಕ್ತಿ ಪತ್ರ ಸಿಕ್ಕರೆ ಆ ಸಾಲವೇ ರದ್ದು.

ಕೋಣೆಯ ಋಣದ ಮಾತು? ದೂರು ಕೊಡುವ ಮೊದಲು ವಸತಿ ಬದಲಿಸಿ. ಮಾರ್ಗದರ್ಶಕರಿಗೆ ಹೇಳಿ ಶಾಲೆಯಲ್ಲೋ ಪಂಚಾಯಿತಿ ಕಟ್ಟಡದಲ್ಲೋ ಜಾಗ ಮಾಡಿಕೊಳ್ಳಿ, ಉಳಿದ ದಿನಗಳ ಬಾಡಿಗೆ ಲೆಕ್ಕ ಹಾಕಿ ಕೊಟ್ಟುಬಿಡಿ. ಅವರ ಸೂರಿನ ಕೆಳಗೆ ಮಲಗಿಕೊಂಡು ಅವರ ಮೇಲೆ ಬರೆಯುವುದು ನಿಮಗೂ ಅಪಾಯ, ನೋಡುವವರಿಗೂ ಚೆನ್ನಲ್ಲ.

ಪಂಕ್ತಿ, ಲೋಟ, ಕಟ್ಟೆ

ಶಿಬಿರಕ್ಕೆ ಊರು ಗೊತ್ತು ಮಾಡುವ ದಿನವೇ ನಾಲ್ಕು ವಿಷಯ ನೋಡಿಕೊಂಡು ಬನ್ನಿ. ಉಳಿಯುವ ಜಾಗಕ್ಕೆ ಎಲ್ಲ ಕೇರಿಯವರೂ ಬರುತ್ತಾರೆಯೇ, ನೀರು ಹಿಡಿಯುವ ನಲ್ಲಿ ಎಲ್ಲರದೇ, ಅಡುಗೆಯವರು ಯಾರು, ಸಮಾರೋಪ ನಡೆಯುವ ಕಟ್ಟೆ ಗುಡಿಯದೋ ಶಾಲೆಯದೋ. ಶಾಲೆಯ ಬಿಸಿಯೂಟದ ಅಡುಗೆಯವರನ್ನೇ ಒಪ್ಪಿಸಿ, ಶಾಲೆಯ ಅಂಗಳದಲ್ಲೇ ಉಂಡರೆ ಅರ್ಧ ತೊಡಕು ಹುಟ್ಟುವುದೇ ಇಲ್ಲ.

ಗೌಡರ ಮನೆಯಿಂದ ಊಟಕ್ಕೆ ಕರೆ ಬರುತ್ತದೆ. ಬರಲಿ. ಹೋಗುವುದಾದರೆ ಎಲ್ಲರೂ ಒಂದೇ ಸಾಲಿನಲ್ಲಿ ಕೂರುವುದು ಎಂದು ಕಾರ್ಯಕ್ರಮಾಧಿಕಾರಿ ಮುಂಚೆಯೇ ಮನೆಯವರಿಗೆ ತಿಳಿಸಲಿ. ಅಲ್ಲಿ ಹೋದ ಮೇಲೆ ಕೆಲವರಿಗೆ ಹೊರಗಿನ ಕಟ್ಟೆ ತೋರಿಸಿದರೆ ಭಾಷಣ ಬೇಡ. "ಗೌಡ್ರ, ನಾವೆಲ್ಲ ಕೂಡೇ ಉಣ್ಣೋರು, ಶಾಲ್ಯಾಗ ಅಡಗಿ ಆಗೇತಿ, ಅಲ್ಲೇ ಉಣ್ತೀವ್ರಿ" ಎಂದು ಎಲ್ಲರೂ ಎದ್ದು ಬನ್ನಿ. ಅದಕ್ಕಾಗಿ ಆ ದಿನವೂ ಶಿಬಿರದಲ್ಲಿ ಅಕ್ಕಿ ಇಟ್ಟಿರಬೇಕು. ಹಸಿದ ಹೊಟ್ಟೆಯಲ್ಲಿ ತತ್ವ ನಿಲ್ಲುವುದು ಕಷ್ಟ. ಎದ್ದು ಬರುವ ತೀರ್ಮಾನವನ್ನು ಅವಮಾನಕ್ಕೊಳಗಾದ ಗೆಳೆಯನ ಮೇಲೆ ಹೊರಿಸಬೇಡಿ. "ನಿನಗೆ ಬೇಜಾರಾಯ್ತಾ?" ಎಂದು ಎಲ್ಲರ ಎದುರು ಕೇಳುವುದು ಎರಡನೆಯ ಅವಮಾನ.

ಊರವರ ಮೇಲಾಗುವ ಅಸ್ಪೃಶ್ಯತೆ ಬೇರೆ ಲೆಕ್ಕ. ಚಹಾದಂಗಡಿಯಲ್ಲಿ ಬೇರೆ ಲೋಟ, ಕ್ಷೌರ ನಿರಾಕರಣೆ, ಗುಡಿ ಪ್ರವೇಶಕ್ಕೆ ತಡೆ ಇವೆಲ್ಲ ಅಪರಾಧ, ಯಾರು ಬೇಕಾದರೂ ತಿಳಿಸಬಹುದು. ಆದರೆ ಬೆಲೆ ಯಾರು ತೆರುತ್ತಾರೆ ಎಂಬುದನ್ನು ಕೊಪ್ಪಳ ಜಿಲ್ಲೆಯ ಎರಡು ಪ್ರಕರಣಗಳೇ ಹೇಳುತ್ತವೆ. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರ ಮೇಲೆ ದಾಳಿ ನಡೆದದ್ದು 2014ರಲ್ಲಿ. ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿದ್ದು 2024ರ ಅಕ್ಟೋಬರಿನಲ್ಲಿ. ಹತ್ತು ವರ್ಷ ಆ ಮನೆಗಳು ಅದೇ ಊರಿನ ನೀರು ಕುಡಿದು ಕಾಯಬೇಕಾಯಿತು. ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ 2021ರಲ್ಲಿ ಎರಡು ವರ್ಷದ ದಲಿತ ಮಗು ಗುಡಿಯೊಳಗೆ ಹೋಯಿತೆಂದು 25,000 ರೂಪಾಯಿ ದಂಡ ಕೇಳಿದಾಗ, ಮನೆಯವರು ದೂರಿಗೆ ಹಿಂಜರಿದರು. ಸಮಾಜ ಕಲ್ಯಾಣ ಇಲಾಖೆ ದೂರು ಕೊಟ್ಟಿತು. ನೊಂದವರ ಹೆಗಲ ಮೇಲೆ ಬಂದೂಕು ಇಡದೆ ನಡೆಯಬಹುದಾದ ದಾರಿ ಇದು. ನೀವು ಮಾಡಬೇಕಾದ್ದು ಕೇರಿಗೆ ಹೋಗಿ ಅವರೇನು ಬಯಸುತ್ತಾರೆ ಕೇಳುವುದು. ದೂರು ಬೇಕೆಂದರೆ ಜೊತೆಗೆ ಹೋಗುವುದು. ಹೆದರಿಕೆ ಇದೆ ಎಂದರೆ ತಾಲ್ಲೂಕು ಸಮಾಜ ಕಲ್ಯಾಣ ಅಧಿಕಾರಿಗೆ ಹೆಸರಿಲ್ಲದೆ ಸಂಗತಿ ತಿಳಿಸುವುದು. ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ ತನಿಖೆಯನ್ನು ಡಿವೈಎಸ್‌ಪಿ ದರ್ಜೆಯವರೇ ಮಾಡಬೇಕು, ಠಾಣೆಯಲ್ಲಿ "ರಾಜಿ ಮಾಡ್ಕೊಳ್ರಿ" ಎಂದರೆ ಅಲ್ಲಿಗೇ ನಿಲ್ಲಬೇಕಿಲ್ಲ. ಉಚಿತ ವಕೀಲರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ, ಸಹಾಯವಾಣಿ 15100.

ನಿಮ್ಮ ಬೆವರು, ಅವರ ಬಿಲ್ಲು

ಶ್ರಮದಾನದಲ್ಲಿ ನೀವು ಚರಂಡಿಯ ಹೂಳು ಎತ್ತಿದಿರಿ. ಮುಂದಿನ ತಿಂಗಳು ಅದೇ ಚರಂಡಿಗೆ ಕೂಲಿ ಬಿಲ್ಲು. ಅಥವಾ ಹೊರಡುವ ದಿನ ಖಾಲಿ ಹಾಳೆಗೆ "ಒಂದು ಸಹಿ ಹಾಕ್ರಿ, ಬರೇ ಫಾರ್ಮ್ಯಾಲಿಟಿ" ಎಂಬ ಮಾತು. ಜಗಳ ಆಡಬೇಕಿಲ್ಲ, ಅಳತೆ ಬರೆದಿಟ್ಟರೆ ಸಾಕು. ಕೆಲಸ ಮುಗಿದ ಸಂಜೆ ಟೇಪು ಹಿಡಿದು ಅಳೆಯಿರಿ: ಉದ್ದ 60 ಮೀಟರ್, ಅಗಲ 0.6, ತೆಗೆದ ಹೂಳಿನ ಆಳ 0.3 ಆದರೆ 10.8 ಘನ ಮೀಟರ್. ಎಲ್ಲಿಂದ ಎಲ್ಲಿಯವರೆಗೆ, ಯಾವ ದಿನ, ಎಷ್ಟು ಜನ ಎಂದು ಒಂದು ಪತ್ರ ಬರೆದು, ದಿನಾಂಕ ಮತ್ತು ಸ್ಥಳ ಬರುವ ಹಾಗೆ ತೆಗೆದ ಎರಡು ಫೋಟೊ ಲಗತ್ತಿಸಿ, ಗ್ರಾಮ ಪಂಚಾಯಿತಿಗೆ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಧನ್ಯವಾದ ಪತ್ರದ ರೂಪದಲ್ಲೇ ಬರೆಯಬಹುದು, ಯಾರಿಗೂ ಚುಚ್ಚುವುದಿಲ್ಲ. ಮೊಹರು ಬಿದ್ದ ಕಾಗದ ಕಡತದಲ್ಲಿದ್ದರೆ ಅದೇ ಕೆಲಸಕ್ಕೆ ಬಿಲ್ಲು ಬರೆಯುವ ಕೈ ಸ್ವಲ್ಪ ನಡುಗುತ್ತದೆ. ನಿಮ್ಮದೇ ಎನ್‌ಎಸ್‌ಎಸ್ ಸೇವೆಯ 120 ಗಂಟೆಯ ಹಾಜರಿಯಲ್ಲಿ ಸುಳ್ಳು ತುಂಬಿಸಿಕೊಂಡು ಪಂಚಾಯಿತಿಯ ಲೆಕ್ಕ ಕೇಳಲು ಹೋಗುವುದು ಮಾತ್ರ ಬೇಡ.

ನೀರಿನ ಫಲಿತಾಂಶ ಹೇಳುವ ಹೊತ್ತು

ನೀರು ಪರೀಕ್ಷಿಸುವ ಕಿಟ್ಟಿನಲ್ಲಿ ಕೊಳವೆಬಾವಿಯ ಫ್ಲೋರೈಡ್ ಹೆಚ್ಚು ಬಂತು. ಕೂಡಲೇ ಕಟ್ಟೆಯ ಮೇಲೆ ಸಾರಿದರೆ ಜನ ಹೆದರಿ ಕಾಲುವೆಯ ನೀರಿಗೋ ಕೆರೆಗೋ ಹೋಗುತ್ತಾರೆ. ಹಲ್ಲು ಮೂಳೆಗಳ ತೊಂದರೆ ತಪ್ಪಿಸಲು ಹೋಗಿ ವಾಂತಿಭೇದಿ ತಂದ ಹಾಗೆ. ಹೇಳದೆ ಇಡುವುದೂ ತಪ್ಪು. ಅದಕ್ಕೇ ಕ್ರಮ ಹೀಗಿರಲಿ: ಕೆಲವು ನಿಮಿಷ ನೀರು ಹರಿಯಬಿಟ್ಟು, ಅದೇ ನೀರಲ್ಲಿ ಮೂರು ಸಲ ತೊಳೆದ ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿಗೆ ತುಂಬಿಸಿ (ಫ್ಲೋರೈಡಿಗೆ ಗಾಜು ಬೇಡ), ಊರು, ಬಾವಿ, ದಿನಾಂಕ ಬರೆದು ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯಕ್ಕೆ ಕಳಿಸಿ. ಲೀಟರಿಗೆ 1 ಮಿಲಿಗ್ರಾಂ ಒಪ್ಪುವ ಮಿತಿ. ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ. ವರದಿ ಬರುವಷ್ಟರಲ್ಲಿ ಊರಿನ ಶುದ್ಧ ನೀರಿನ ಘಟಕ ನಡೆಯುತ್ತಿದೆಯೇ ನೋಡಿ. ಹೇಳುವಾಗ ಎರಡನ್ನೂ ಒಟ್ಟಿಗೆ ಹೇಳಿ: ಕುಡಿಯಲು, ಅಡುಗೆಗೆ ಘಟಕದ ನೀರು, ತೊಳೆಯಲು ಬೋರಿನದು. ಕಾಯಿಸಿದರೆ ಫ್ಲೋರೈಡ್ ಹೋಗದು, ನೀರು ಇಂಗಿ ಇನ್ನೂ ಗಟ್ಟಿಯಾಗುತ್ತದೆ. ಘಟಕ ಕೆಟ್ಟು ನಿಂತಿದ್ದರೆ ಮೊದಲ ಅರ್ಜಿ ಅದರ ದುರಸ್ತಿಗೆ.

ಸಣ್ಣವು

ಶಾಲೆಯಲ್ಲಿ ಮೊಟ್ಟೆ ಬಡಿಸುವಾಗ, ಮನೆಯಲ್ಲಿ ಬೇಡವೆಂದ ಮಗುವಿಗೆ ಬಾಳೆಹಣ್ಣು ಕೊಡಿ. ಪುಸಲಾಯಿಸಬೇಡಿ, ತಿನ್ನುವ ಮಗುವನ್ನು ಬೇರೆ ಸಾಲಿಗೂ ಕೂರಿಸಬೇಡಿ. ಕೈಸಾಲ ಕೇಳಿದವರಿಗೆ ನಿಮ್ಮ ಜೇಬಿನಿಂದ ಕೊಡಬೇಡಿ, ಒಬ್ಬರಿಗೆ ಕೊಟ್ಟ ಐನೂರು ಹತ್ತು ಮನೆಗೆ ಸುದ್ದಿ. ಮಾತ್ರೆ ಹಂಚಬೇಡಿ. ಶೇಂಗಾ, ಮೆಣಸಿನಕಾಯಿ, ಒಂದು ಶಾಲು ಇಂಥವನ್ನು ಎಲ್ಲರೆದುರು ತೆಗೆದುಕೊಂಡು ಶಿಬಿರದ ಅಡುಗೆಗೋ ಶಾಲೆಗೋ ಸೇರಿಸಿ. ದುಡ್ಡಿನ ಲಕೋಟೆ ವಾಪಸು. ಮಕ್ಕಳ ಮುಖ ಕಾಣುವ ಫೋಟೊ ಫೇಸ್‌ಬುಕ್ಕಿಗೆ ಬೇಡ, ಸಂಕಟದಲ್ಲಿರುವ ಮಗುವಿನದಂತೂ ಹೆಸರು, ಶಾಲೆ, ಊರು ಯಾವುದೂ ಹೊರಬೀಳಬಾರದು. ಅದು ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್.

ಊರು ಬಿಡುವ ಹಿಂದಿನ ದಿನ

ನೋಟ್‌ಬುಕ್ಕಿನ ಆ ಹಾಳೆಗಳನ್ನು ತೆರೆದು, ಮುಗಿಯದೆ ಉಳಿದದ್ದು ಯಾವುದು ಗುರುತು ಮಾಡಿ. ಪ್ರತಿಯೊಂದಕ್ಕೂ ಒಬ್ಬ ಜವಾಬ್ದಾರರ ಹೆಸರು, ಒಂದು ದಿನಾಂಕ ಇರಬೇಕು: ಹುಡುಗಿಯ ಹಾಜರಿ ಕೇಳುವವರು ಯಾರು, ನೀರಿನ ವರದಿ ತರುವವರು ಯಾರು. "ಎಲ್ಲರೂ ನೋಡ್ಕೊಳ್ಳೋಣ" ಎಂದು ಬಿಟ್ಟದ್ದನ್ನು ಯಾರೂ ನೋಡಿಕೊಳ್ಳುವುದಿಲ್ಲ. ಕರೆ ಮಾಡಿದ ಸಂಖ್ಯೆ, ನೋಂದಣಿ ಸಂಖ್ಯೆ, ಮೊಹರಿನ ಪ್ರತಿ ಕಾರ್ಯಕ್ರಮಾಧಿಕಾರಿಯ ಬೀರುವಿಗೆ ಹೋಗಲಿ. ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರಿಗೆ ನಿಮ್ಮ ಫೋನ್ ನಂಬರ್ ಕೊಟ್ಟು, ಊರಲ್ಲಿ ಅವರ ಮೇಲೆ ಮಾತು ಬಂದರೆ ತಿಳಿಸಲು ಹೇಳಿ. ಅವರು ಫೋನ್ ಮಾಡುವ ಮೊದಲು ವಾರದೊಳಗೆ ನೀವೇ ಒಮ್ಮೆ ಮಾಡಿ. ಹೆಸರು ಬರೆದ ಚೀಟಿಗಳೇನಾದರೂ ಉಳಿದಿದ್ದರೆ ಶಾಲೆಯ ಕಸದ ಬುಟ್ಟಿಗೆ ಹಾಕಬೇಡಿ, ಅಡುಗೆಯ ಒಲೆ ಆರುವ ಮೊದಲು ಅದಕ್ಕೇ ಹಾಕಿ.